ಮಂಗಳವಾರದ ಖಾಲಿ ಡಬ್ಬಿ

ಬುಧವಾರ, ಫೆಬ್ರವರಿ ೭

ಪ್ರೀತಿಯ ಗುಂಡನಿಗೆ ಅಕ್ಕನ ಆಶೀರ್ವಾದಗಳು.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನೀನು ಪಕ್ಕದ ಮಂಚದವರಿಗೆ ಕೇಳಿಸುವ ಹಾಗೆ, "ಓಹೋ, ಮಹಾರಾಣಿಯವರಿಗೆ ಈಗ ನೆನಪಾಯ್ತಾ" ಅನ್ನುತ್ತೀಯ ಅಂತ ನನಗೆ ಗೊತ್ತು. ಅನ್ನು. ಎಂಟು ತಿಂಗಳು ಒಂದು ಸಾಲೂ ಬರೆಯದವಳಿಗೆ ಅಷ್ಟೂ ಅನ್ನದಿದ್ದರೆ ನೀನು ನನ್ನ ತಮ್ಮನೇ ಅಲ್ಲ. ಕಾರಣ ಕೇಳಿದರೆ ಮಂಡಿನೋವು ಅನ್ನೋಣ ಅಂತಿದ್ದೆ. ಮಂಡಿಯಲ್ಲಿ ಯಾರೂ ಕಾಗದ ಬರೆಯೋದಿಲ್ಲವಲ್ಲ ಅಂತ ನೀನು ತಿರುಗಿ ಕೇಳುತ್ತೀಯ. ಆದ್ದರಿಂದ ಕಾರಣ ಬಿಡು. ತಪ್ಪಾಯಿತು.

ಮನೆ ಹೇಗಿತ್ತೋ ಹಾಗೇ ಇದೆ. ಎರಡು ಕೋಣೆ, ಸೋರುವ ನಲ್ಲಿ, ಮುಚ್ಚಲು ಬಾರದ ಆ ಅಡುಗೆಮನೆಯ ಕಿಟಕಿ. ನೀನು ಇದ್ದಾಗ ಅದರ ಸಂದಿಗೆ ರಟ್ಟು ಮಡಚಿ ಸಿಕ್ಕಿಸುತ್ತಿದ್ದೆ, ಈಗ ಗಾಳಿ ಬಂದರೆ ಅದು ಬಡಿದುಕೊಳ್ಳುತ್ತದೆ, ನಾನು ಕೇಳಿಸಿಕೊಳ್ಳುತ್ತೇನೆ. ನಿನ್ನ ಮಂಚದ ಮೇಲೆ ಇಸ್ತ್ರಿ ಆಗಬೇಕಾದ ಬಟ್ಟೆ ರಾಶಿ ಬಿದ್ದಿದೆ. ಮಂಚ ಖಾಲಿ ಕಾಣಬಾರದು ಅಂತ ನಾನೇ ಹಾಕುತ್ತೇನೆ ಅನ್ನುವುದು ಬೇರೆ ಮಾತು. ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ಕಂಡಕ್ಟರನಿಗೆ "ಒಂದು ಟಿಕೆಟ್" ಅನ್ನುವವರೆಗೆ ಬಾಯಿ ಬಿಡುವ ಪ್ರಮೇಯವೇ ಇಲ್ಲ. ಮೊನ್ನೆ ಹಾಗೆ ಅನ್ನಲು ಹೋಗಿ ಗಂಟಲು ಕಟ್ಟಿ, ಕಂಡಕ್ಟರ್ ನನ್ನನ್ನು ಮೂಗಿ ಅಂದುಕೊಂಡು ಕೈಸನ್ನೆಯಲ್ಲಿ ಚಿಲ್ಲರೆ ಕೇಳಿದ. ಹದಿನೇಳು ವರ್ಷದಿಂದ ಅದೇ ಬಸ್ ನಿಲ್ದಾಣದಲ್ಲಿ ಕೆಲಸ ಮಾಡುವ ನನ್ನನ್ನು.

ಆಫೀಸಿನ ಸುದ್ದಿ ಹೇಳುತ್ತೇನೆ, ನಿನಗೆ ಇಷ್ಟ. ಕಳೆದ ವಸ್ತುಗಳ ಕೌಂಟರಿಗೆ ಈಗಲೂ ನಾನೊಬ್ಬಳೇ. ಬಸ್ಸಿನಲ್ಲಿ ಸಿಕ್ಕಿದ್ದನ್ನು ಡಿಪೋದವರು ಬಿಚ್ಚಿ ನೋಡುತ್ತಾರೆ, ಕಾಗದಪತ್ರ ಇದ್ದರೆ ಬೇರೆ ತೆಗೆದು ಮೇಲಿನ ಮಹಡಿಯ ಕಾಗದ ವಿಭಾಗಕ್ಕೆ ಕಳಿಸುತ್ತಾರೆ, ವಸ್ತು ನನಗೆ ಬರುತ್ತದೆ. ಒಂದೊಂದಕ್ಕೂ ಮೂರು ಚೀಟಿ. ಬಿಳಿಯದು ವಸ್ತುವಿಗೆ, ಹಳದಿಯದು ಡಿಪೋಗೆ, ಗುಲಾಬಿಯದು ನನ್ನ ಪುಸ್ತಕಕ್ಕೆ. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಏಳೂ ಡಿಪೋಗೆ ಫೋನು. ಹೋದ ವಾರ ಒಬ್ಬರ ಹಲ್ಲಿನ ಸೆಟ್ಟನ್ನು ನಾಲ್ಕು ಗಂಟೆಯೊಳಗೆ ಪತ್ತೆ ಮಾಡಿ ಕೈಗಿಟ್ಟೆ. ಅವರು ಅಲ್ಲೇ ಹಾಕಿಕೊಂಡು ನಕ್ಕರು. ನನ್ನ ಪದ್ಧತಿಯಲ್ಲಿ ಒಂದು ಗುಂಡಿ ಕಳೆಯುವುದಿಲ್ಲ ಅಂತ ದೊಡ್ಡ ಸಾಹೇಬರೇ ಹೇಳುತ್ತಾರೆ.

ಒಂದು ತಮಾಷೆ ಕೇಳು. ಡಿಸೆಂಬರ್ ನಡುವಿನಿಂದ ಪ್ರತಿ ಮಂಗಳವಾರ ಒಂಬತ್ತನೇ ನಂಬರ್ ಬಸ್ಸಿನ ಕೊನೆಯ ಸೀಟಿನಲ್ಲಿ ಯಾರೋ ಪುಣ್ಯಾತ್ಮ ಒಂದು ರಟ್ಟಿನ ಡಬ್ಬಿ ಮರೆತು ಹೋಗುತ್ತಿದ್ದಾನೆ. ಅಂಗೈಯಗಲದ್ದು, ಹೊಸದು. ಒಳಗೆ ಏನೂ ಇಲ್ಲ, ಬರೀ ಖಾಲಿ. ನಿನ್ನೆಯದು ಎಂಟನೆಯದು. ಡಿಪೋದಲ್ಲಿ ನಮ್ಮ ಕೆಮ್ಮಪ್ಪ ಇದ್ದಾನಲ್ಲ, ಎರಡು ಸಲ ಕೆಮ್ಮದೆ ಮಾತೇ ಶುರು ಮಾಡದವನು, ಅವನು ಫೋನಿನಲ್ಲಿ "ನಿಮ್ಮ ಡಬ್ಬಿ ಬಂತು ಮೇಡಂ" ಅಂತ ಹಾಸ್ಯ ಮಾಡುತ್ತಾನೆ. ಖಾಲಿ ಡಬ್ಬಿಯನ್ನು ಹುಡುಕಿಕೊಂಡು ಯಾರು ಬರುತ್ತಾರೆ? ಒಂದರಲ್ಲಿ ಗುಂಡುಪಿನ್ನು ಹಾಕಿಟ್ಟಿದ್ದೇನೆ, ಒಂದರಲ್ಲಿ ರಬ್ಬರ್ ಬ್ಯಾಂಡು. ಮಡಿಕೆ ಮಾತ್ರ ಎಷ್ಟು ಅಚ್ಚುಕಟ್ಟು ಅಂದರೆ ಮಾಡಿದವನ ಕೈಗೆ ಚಿನ್ನದ ಕಡಗ ತೊಡಿಸಬೇಕು.

ವಾರ್ಡಿನಲ್ಲಿ ಊಟ ಸರಿಯಾಗಿದೆಯೋ? ನಾಲ್ಕು ವಾರಕ್ಕೊಂದು ಸೂಜಿ ತಪ್ಪದೆ ಕೊಡುತ್ತಿದ್ದಾರೆ ಅಂದುಕೊಂಡಿದ್ದೇನೆ. ಆ ಸೂಜಿ ಒಂದು ತಪ್ಪದಿದ್ದರೆ ನೀನು ನನಗಿಂತ ಬುದ್ಧಿವಂತ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಚೆನ್ನಾಗಿರು. ಸ್ವೆಟರ್ ಹಾಕಿಕೋ.

ನಿನ್ನ ಅಕ್ಕ

ತಾ.ಕ.: ಒಂದು ಸಾಲು ಬರೆ. ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಹಾಳೆಯನ್ನೇ ಮಡಚಿ ಕಳಿಸು, ನಾನು ಅರ್ಥ ಮಾಡಿಕೊಳ್ಳುತ್ತೇನೆ.


ಭಾನುವಾರ, ಮಾರ್ಚ್ ೧೦

ಪ್ರೀತಿಯ ಗುಂಡ,

ಎಲ್ಲಿದ್ದೀಯೋ ಅಲ್ಲಿ ನಿನಗೆ ಒಳ್ಳೆಯದಾಗಲಿ. ವಿಳಾಸ ಗೊತ್ತಿಲ್ಲದೆ ಕಾಗದ ಬರೆಯಲು ಕೂತಿದ್ದು ಜನ್ಮದಲ್ಲಿ ಇದೇ ಮೊದಲು. ತಡವಾದದ್ದಕ್ಕೆ ಈ ಸಲ ಮಂಡಿಯ ಹೆಸರು ಹೇಳುವುದಿಲ್ಲ. ಆದರೂ ಎರಡು ವಾರ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿ ಈಗ ಅದು ಕುಂಬಳಕಾಯಿಯ ಹಾಗೆ ಊದಿದೆ ಅನ್ನುವುದೂ ಸುಳ್ಳಲ್ಲ.

ನನ್ನ ಕಾಗದ ವಾಪಸ್ಸು ಬಂತು. "ಈ ಹೆಸರಿನವರು ಈ ವಾರ್ಡಿನಲ್ಲಿ ಇಲ್ಲ" ಅಂತ ಮೊಹರು. ರಜೆ ಹಾಕಿ ಆಸ್ಪತ್ರೆಗೆ ಹೋದೆ. ದಾಖಲೆ ಕಿಟಕಿಯಲ್ಲಿ ಕೂತವರು ಕಡತ ತೆಗೆದು, "ಇವರು ಸೆಪ್ಟೆಂಬರ್‌ನಲ್ಲೇ ಬಿಡುಗಡೆಯಾಗಿ ಹೋದ್ರಲ್ಲ" ಅಂದರು.

"ಎಲ್ಲಿಗೆ ಹೋದ?"

"ನೀವು ಏನಾಗಬೇಕು?"

"ಅಕ್ಕ."

ಅವರು ಕಡತದ ಮೊದಲ ಹಾಳೆ ನೋಡಿದರು, ನನ್ನ ಮುಖ ನೋಡಿದರು, ಕಡತ ಮುಚ್ಚಿದರು. "ಹೇಳೋ ಹಾಗಿಲ್ಲಮ್ಮ. ಇದರಲ್ಲಿ ಒಂದು ಚೀಟಿ ಅಂಟಿಸಿದ್ದಾರೆ, ಸಂಬಂಧಿಕರಿಗೆ ಏನೂ ತಿಳಿಸಬಾರದು ಅಂತ." ಏನೋ ಒಂದು ಚೀಟಿ ಇದೆಯಂತೆ, ಬಿಡು. ಅದರ ವಿಷಯ ಈಗ ಬೇಡ. ನಾನು ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಎದುರಿಗೆ ನೀರಿನ ಡ್ರಮ್ಮು, ಅದಕ್ಕೆ ಸರಪಣಿ ಹಾಕಿದ ಲೋಟ. ಲೋಟ ಕಳೆಯಬಾರದು ಅಂತ ಇವರಿಗೆ ಎಷ್ಟು ಕಾಳಜಿ ಅಂದುಕೊಂಡು ಎದ್ದೆ.

ಮರುದಿನ ಬೇರೆ ವೇಷದಲ್ಲಿ ಅಲ್ಲಿಗೇ ಹೋದೆ. ಖಾಕಿ ಕೋಟು, ಎದೆಗೆ ಬಸ್ ಕಂಪನಿಯ ಬಿಲ್ಲೆ, ಕೈಯಲ್ಲಿ ರಸೀದಿ ಪುಸ್ತಕ, ಕಂಕುಳಲ್ಲಿ ಒಂದು ಕಪ್ಪು ಛತ್ರಿ. ಕಿಟಕಿಯಲ್ಲಿ ಆವತ್ತು ಬೇರೆಯವರಿದ್ದರು. "ಕಳೆದ ವಸ್ತುಗಳ ವಿಭಾಗದವಳು. ಇವರ ಛತ್ರಿ ಬಸ್ಸಲ್ಲಿ ಸಿಕ್ಕಿದೆ, ತಲುಪಿಸ್ಬೇಕು" ಅಂದೆ. ಒಂದು ನಿಮಿಷದಲ್ಲಿ ಹಾಸ್ಟೆಲ್ಲಿನ ವಿಳಾಸ ಬರೆದುಕೊಟ್ಟರು. "ಪಾಪ, ಛತ್ರಿಗಾಗಿ ಇಷ್ಟು ದೂರ ಬಂದ್ರಾ" ಅಂದರು. ಅಕ್ಕನಿಗೆ ಹೇಳಬಾರದ ವಿಳಾಸ ಛತ್ರಿಗೆ ಹೇಳಬಹುದು. ನಗು ಬರುತ್ತೆ ಅಲ್ಲವಾ? ನನಗೂ ಬಂತು, ರಸ್ತೆಗೆ ಬಂದ ಮೇಲೆ. ಪಕ್ಕದಲ್ಲಿ ನಡೆಯುತ್ತಿದ್ದವರು ದೂರ ಸರಿದರು.

ಹಾಸ್ಟೆಲ್ಲಿನ ವಾರ್ಡನ್ ಒಳ್ಳೆಯವರು. "ತುಂಬಾ ಮರ್ಯಾದಸ್ಥ. ತಿಂದ ತಟ್ಟೆ ಜೊತೆಗೆ ಬೇರೆಯವರದ್ದೂ ತೊಳೀತಿದ್ರು. ಡಿಸೆಂಬರ್ ಮೊದಲಲ್ಲಿ ರೂಮು ಸಿಕ್ತು, ಸ್ವಂತವಾಗಿ ಇರ್ಲಿ ಅಂತ ಕಳಿಸಿದ್ವಿ. ಕಾಗದಪತ್ರ ಎಲ್ಲಾ ಕ್ಲಿನಿಕ್ಕಿಗೆ ಹೋಗಿದೆ" ಅಂದರು. ನೀನು ಸ್ವಂತ ರೂಮಿನಲ್ಲಿ ಇದ್ದೆ ಅಂತ ಕೇಳಿ ನನಗೆ ಹೆಮ್ಮೆಯಾಯಿತು ಗುಂಡ. ನನಗೆ ಯಾರೂ ಹೇಳಲಿಲ್ಲವಲ್ಲ ಅಂತ ಸಂಕಟವೂ ಆಯಿತು. ಎರಡೂ ಒಟ್ಟಿಗೆ.

ಕ್ಲಿನಿಕ್ಕು ಹಳೆಯ ಕಟ್ಟಡದ ನೆಲಮಹಡಿಯಲ್ಲಿದೆ. ಎಡಗಡೆಯ ಬಾಗಿಲು ಕ್ಲಿನಿಕ್ಕಿನದು, ಬಲಗಡೆಯದು ಮನೆಮನೆಗೆ ಹೋಗುವ ನರ್ಸುಗಳದು. ನಡುವೆ ನಾಲ್ಕು ಹೆಜ್ಜೆಯ ಓಣಿ, ಅಷ್ಟೇ. ಎಡಗಡೆಯವರು ಪಟ್ಟಿ ನೋಡಿ, "ನಮ್ಮಲ್ಲಿಲ್ಲ, ಇವರು ಮನೆ ಭೇಟಿಯವರು" ಅಂದರು. ನಾಲ್ಕು ಹೆಜ್ಜೆ ದಾಟಿದೆ. ಅಲ್ಲಿ ಒಬ್ಬ ನರ್ಸಮ್ಮ ಚಪ್ಪಲಿಯ ಬಾರು ಹೊಲಿಯುತ್ತಾ ಕೂತಿದ್ದರು. "ನಮ್ಮಲ್ಲಿಲ್ಲ, ಇವರು ಬಸ್ಸಲ್ಲಿ ಓಡಾಡೋ ಸ್ಥಿತೀಲಿ ಇದ್ದಾರೆ, ಕ್ಲಿನಿಕ್ಕಿಗೇ ಬರ್ತಾರೆ ಅಂತ ತೆಗೆದಿದ್ದೀವಿ" ಅಂದರು. ನಾನು ಛತ್ರಿಯನ್ನು ಅವರ ಮೇಜಿನ ಮೇಲಿಟ್ಟೆ. ಅಲ್ಲಿಗೆ ನನ್ನ ವೇಷ ಮುಗಿಯಿತು.

"ನಾನು ಬಸ್ಸಿನವಳು ಹೌದು, ಅವನ ಅಕ್ಕನೂ ಹೌದು. ಎದುರು ಬಾಗಿಲಲ್ಲಿ ನಿಮ್ಮ ಕಡೆ ತೋರಿಸ್ತಾರೆ, ನೀವು ಅವರ ಕಡೆ ತೋರಿಸ್ತೀರಿ. ನನಗೇನೂ ಹೇಳ್ಬೇಡಿ, ನಿಮಗೆ ನೀವೇ ಹೇಳ್ಕೊಳಿ. ಡಿಸೆಂಬರಿಂದ ಅವನಿಗೆ ಸೂಜಿ ಕೊಟ್ಟೋರು ಯಾರು?"

ಆಕೆ ಸೂಜಿ ದಾರ ಕೆಳಗಿಟ್ಟರು. ಎದ್ದು ಓಣಿ ದಾಟಿ ಹೋದರು. ಜೋರು ಮಾತು ಕೇಳಿಸಿತು, ಆಮೇಲೆ ಕಡತದ ಹಾಳೆ ತಿರುವುವ ಸದ್ದು. ವಾಪಸ್ಸು ಬಂದಾಗ ಮುಖ ಬಿಳಿಚಿತ್ತು. "ಯಾರೂ ಕೊಟ್ಟಿಲ್ಲ" ಅಂದರು. ಹೇಳಬಾರದಾಗಿತ್ತು, ಹೇಳಿಬಿಟ್ಟರು. ಆಮೇಲೆ, "ನಾಳೆ ಬೆಳಿಗ್ಗೆ ನಾನೇ ರೂಮಿಗೆ ಹೋಗ್ತೀನಿ. ನೀವು ಅಷ್ಟರಲ್ಲಿ ಅವರ ಕೆಲಸದ ಕೇಂದ್ರದಲ್ಲಿ ವಿಚಾರಿಸಿ, ವಾರಕ್ಕೆರಡು ದಿನ ಅಲ್ಲಿಗೆ ಹೋಗ್ತಾರೆ ಅಂತ ಇಲ್ಲಿದೆ" ಅಂತ ಒಂದು ವಿಳಾಸ ಕೊಟ್ಟರು. ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಬಯ್ಯಲಿಕ್ಕೆ ಅಂತಲೇ ಎರಡು ವಾರದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ.

ಕೆಲಸದ ಕೇಂದ್ರ ಒಂದು ದೊಡ್ಡ ಹಜಾರ. ಉದ್ದ ಮೇಜು, ಎರಡೂ ಕಡೆ ಹತ್ತು ಹನ್ನೆರಡು ಜನ, ಗೋಂದಿನ ವಾಸನೆ. ಬೆರಳ ತುದಿಗೆಲ್ಲ ಗೋಂದು ಒಣಗಿದ ಮೇಲ್ವಿಚಾರಕಿಯೊಬ್ಬರು ಬಂದು, "ಮಂಗಳವಾರ, ಶುಕ್ರವಾರ ಒಂದಿನ ತಪ್ಪಿಸಿದವರಲ್ಲ. ಮೂರು ವಾರದಿಂದ ಬಂದಿಲ್ಲ. ಬರದೇ ಇದ್ದ ದಿನವೇ ನಾವು ತಿಳಿಸಿದ್ವಿ" ಅಂದರು.

"ಯಾರಿಗೆ?"

"ಹಾಸ್ಟೆಲ್ಲಿಗೆ."

ಹಾಸ್ಟೆಲ್ಲಿನವರು ಆ ಕಾಗದವನ್ನು ಏನು ಮಾಡಿದರು ಅಂತ ಆಮೇಲೆ ಕೇಳಿದೆ. "ಈಗ ನಮ್ಮಲ್ಲಿ ಇಲ್ಲ" ಅಂತ ಅಂಚಿನಲ್ಲಿ ಬರೆದು ಕಡತಕ್ಕೆ ಸೇರಿಸಿದ್ದರು. ಸುಂದರವಾದ ಅಕ್ಷರ.

ಆದರೆ ನಾನು ಹೇಳಬೇಕಾದ್ದು ಇದಲ್ಲ. ಆಕೆ ಮಾತಾಡುತ್ತಿದ್ದಾಗ ನಾನು ಮೇಜಿನ ಮೇಲೆ ನೋಡಿದೆ. ರಟ್ಟು ಮಡಚಿ ಮಾಡಿದ ಡಬ್ಬಿಗಳು, ಅಂಗೈಯಗಲದವು, ಗೋಡೆಯ ಎತ್ತರಕ್ಕೆ ಜೋಡಿಸಿಟ್ಟಿದ್ದಾರೆ. ನನ್ನ ಡ್ರಾಯರಿನಲ್ಲಿ ಒಂಬತ್ತಿವೆ. ನಾನು ಒಂದನ್ನು ಎತ್ತಿ ಅವರಿಗೆ ತೋರಿಸಿದೆ.

"ಹೌದು, ಇದೇ ಕೆಲಸ ಅವರದ್ದು. ಮಂಗಳವಾರ ಹೊರಡುವಾಗ ಒಂದು ಕೇಳಿ ತಗೊಂಡು ಹೋಗ್ತಿದ್ರು. ಯಾರಿಗೆ ಅಂದ್ರೆ, ಅಕ್ಕನಿಗೆ ಅಂತಿದ್ರು" ಅಂದರು.

ಕುರ್ಚಿ ಕೊಟ್ಟರು, ನೀರು ಕೊಟ್ಟರು. ನಿನ್ನ ಜಾಗ ಯಾವುದು ಅಂತ ಕೇಳಿದೆ. ಕಿಟಕಿಯ ಪಕ್ಕದ್ದು. ಕಿಟಕಿಯ ಸಂದಿಗೆ ರಟ್ಟು ಮಡಚಿ ಸಿಕ್ಕಿಸಿತ್ತು.

ಒಂಬತ್ತನೇ ನಂಬರ್ ಬಸ್ಸಿನಲ್ಲಿ ಬಿಟ್ಟ ವಸ್ತು ಕೊನೆಗೆ ನನ್ನ ಕೌಂಟರಿಗೇ ಬರುತ್ತದೆ ಅಂತ ನಿನಗೆ ಗೊತ್ತು. ಚಿಕ್ಕವನಿದ್ದಾಗಿನಿಂದ ನೀನು ಹೀಗೇ, ಹತ್ತಿರದ ದಾರಿ ಬಿಟ್ಟು ಸುತ್ತಿ ಬರುವವನು. ಅದೆಲ್ಲ ಸರಿ. ಆದರೆ ಖಾಲಿ ಡಬ್ಬಿ ಯಾಕೆ ಕಳಿಸಿದೆ ಗುಂಡ? ನನಗೆ ಹೇಳಲು ಏನೂ ಇರಲಿಲ್ಲವಾ?

ಎಲ್ಲಿದ್ದರೂ ಹೊಟ್ಟೆ ತುಂಬಾ ಊಟ ಮಾಡು. ಬರುತ್ತಿದ್ದೇನೆ.

ನಿನ್ನ ಅಕ್ಕ

ತಾ.ಕ.: ಇದನ್ನು ಯಾವ ವಿಳಾಸಕ್ಕೆ ಹಾಕಲಿ ಅಂತ ಗೊತ್ತಿಲ್ಲ. ಕೈಚೀಲದಲ್ಲೇ ಇಟ್ಟುಕೊಂಡಿರುತ್ತೇನೆ.


ಶನಿವಾರ, ಮಾರ್ಚ್ ೨೩

ನನ್ನ ಗುಂಡನಿಗೆ ಅಕ್ಕನ ತುಂಬು ಮನಸ್ಸಿನ ಆಶೀರ್ವಾದ.

ಈ ಕಾಗದವನ್ನೂ, ಹಿಂದಿನ ಎರಡನ್ನೂ ನರ್ಸಮ್ಮ ಸೋಮವಾರ ತಂದು ನಿನ್ನ ಕೈಗೇ ಕೊಡುತ್ತಾರೆ. ಅಂಚೆಗೆ ಹಾಕಲು ನನಗೆ ಧೈರ್ಯವಿಲ್ಲ. ಮೊದಲನೆಯದನ್ನು ಓದುವಾಗ ಬೈಯಬೇಡ. ಎರಡನೆಯದರ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೇನೆ, ಅದಕ್ಕೆ ಉತ್ತರ ನನಗೇ ಸಿಕ್ಕಿತು, ಹೇಳುತ್ತೇನೆ.

ಸೋಮವಾರ ಹನ್ನೊಂದಕ್ಕೆ ಡಿಪೋಗೆ ಫೋನು ಮಾಡಿ ಕೆಮ್ಮಪ್ಪನನ್ನು ಹಿಡಿದೆ. "ಆ ಖಾಲಿ ಡಬ್ಬಿಗಳು ನಿನಗೆ ಸಿಕ್ಕಾಗಲೂ ಹೀಗೇ ಖಾಲಿ ಇದ್ವಾ?"

ಎರಡು ಸಲ ಕೆಮ್ಮಿದ. "ಖಾಲಿ ಎಲ್ಲಿತ್ತು ಮೇಡಂ? ದಾರ ಕಟ್ಟಿರ್ತಿತ್ತು, ಬಿಚ್ಚಿದ್ರೆ ಒಳಗೊಂದು ಚೀಟಿ. ಕಾಗದ ಅಲ್ವಾ, ಮೇಲಿನ ಮಹಡಿಗೆ ಕಳಿಸ್ದೆ. ಡಬ್ಬಿ ವಸ್ತು, ನಿಮಗೆ ಕಳಿಸ್ದೆ."

"ಚೀಟೀಲಿ ಏನಿತ್ತು?"

"ಬೇರೆಯವರ ಕಾಗದ ಓದೋ ಹಾಗಿಲ್ಲ ಅಂತ ನೀವೇ ಹೇಳಿಕೊಟ್ಟಿದ್ದು."

"ಚೀಟಿ ಇತ್ತು ಅಂತಾದ್ರೂ ನನಗೆ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲವಲ್ಲ ಮೇಡಂ."

ನಾನು ಫೋನು ಇಟ್ಟೆ. ಮೇಲಿನ ಮಹಡಿಗೆ ಹದಿನೆಂಟು ಮೆಟ್ಟಿಲು. ಹದಿನೇಳು ವರ್ಷದಲ್ಲಿ ಎಷ್ಟು ಸಲ ಹತ್ತಿದ್ದೇನೋ ಬೆರಳಲ್ಲಿ ಎಣಿಸಬಹುದು. ಕಾಗದ ವಿಭಾಗದ ಮೇಜು ಸರಿಯಾಗಿ ನನ್ನ ಕುರ್ಚಿಯ ಮೇಲೇ ಇದೆ, ಅವರು ಕುರ್ಚಿ ಎಳೆದರೆ ನನ್ನ ತಲೆಯ ಮೇಲೆ ಸದ್ದಾಗುತ್ತದೆ. ಆ ಎಡಬಲ ಬಾಗಿಲಿನವರಿಗೆ ಎಷ್ಟು ಮಾತು ಅನ್ನಲು ಹೊರಟಿದ್ದೆ ನಾನು. ಅವರ ನಡುವೆ ನಾಲ್ಕು ಹೆಜ್ಜೆ, ನಮ್ಮ ನಡುವೆ ಹದಿನೆಂಟು ಮೆಟ್ಟಿಲು. ಮೂರು ಬಣ್ಣದ ಚೀಟಿ ಇಟ್ಟುಕೊಂಡು ಮೆರೆದವಳು.

ರಿಜಿಸ್ಟರಿನಲ್ಲಿ "ವಿಳಾಸವಿಲ್ಲದ ಕಾಗದ, ಒಂಬತ್ತು" ಅಂತಿತ್ತು. ನನ್ನಿಂದಲೇ ಅರ್ಜಿ ತುಂಬಿಸಿಕೊಂಡರು. "ಕಳೆದುಕೊಂಡವರ ವಿವರ" ಅನ್ನುವ ಜಾಗದಲ್ಲಿ ನನ್ನ ವಿವರ ಬರೆದೆ. "ನಿಮ್ಮದೇ ಅಂತ ಗುರುತು ಏನು" ಅಂದರು. ಮೊದಲ ಪದ ಅಕ್ಕ ಅಂತಿರುತ್ತೆ, ನೋಡಿ ಅಂದೆ. ಇತ್ತು.

ಒಂಬತ್ತನ್ನೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ. ಎರಡನೆಯದರಲ್ಲಿ ನೀನು ಬರೆದಿದ್ದೆ: "ಅಕ್ಕ, ರೂಮು ಚೆನ್ನಾಗಿದೆ. ಸೂಜಿ ಯಾರು ಕೊಡ್ತಾರೆ ಅಂತ ಕ್ಲಿನಿಕ್ಕಲ್ಲಿ ಕೇಳಿದೆ, ಮನೆಗೇ ಬರ್ತಾರೆ ಅಂದ್ರು. ಗುರುವಾರ ಇಡೀ ದಿನ ಆಚೆ ಹೋಗದೆ ಕಾದೆ. ನಾಳೆನೂ ಕಾಯ್ತೀನಿ, ಹಾಲು ತರೋಕೂ ಹೋಗಲ್ಲ." ಐದನೆಯದರಲ್ಲಿ: "ನಿದ್ದೆ ಬರ್ತಿಲ್ಲ. ನೀನು ಹನ್ನೊಂದಕ್ಕೆ ಎಲ್ಲಾ ಡಿಪೋಗೂ ಫೋನು ಮಾಡ್ತೀಯಲ್ಲ, ಹಾಗೇ ಇವರಿಗೂ ಒಂದೊಂದು ಮಾಡಿ ನನ್ನ ವಿಷಯ ಕೇಳು. ನೀನು ಕೇಳಿದ್ರೆ ಹೇಳ್ತಾರೆ, ನಿನ್ನ ಧ್ವನಿಗೆ ಹೆದರ್ತಾರೆ." ಇದನ್ನು ಓದಿ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಎಂಟನೆಯದರಲ್ಲಿ ಅಕ್ಷರ ದಪ್ಪಗಾಗಿತ್ತು: "ಗೋಡೆ ಮತ್ತೆ ಮಾತು ಶುರು ಮಾಡಿದೆ. ನಾನು ಉತ್ತರ ಕೊಡ್ತಿಲ್ಲ." ಒಂಬತ್ತನೆಯದರಲ್ಲಿ ಅಕ್ಕ ಅಂತ ಬಿಟ್ಟು ಬೇರೇನೂ ಇರಲಿಲ್ಲ.

ನೀನು ಕೇಳಬೇಕಾದವರನ್ನೆಲ್ಲ ಕೇಳಿದ್ದೀಯ ಗುಂಡ. ಕಾಯಿಲೆಯವನು ನೀನು, ಆದರೆ ಇಡೀ ಊರಿನಲ್ಲಿ ಲೆಕ್ಕ ತಪ್ಪದೆ ನಾಲ್ಕು ವಾರ ಎಣಿಸಿದವನೂ ನೀನೊಬ್ಬನೇ.

ನರ್ಸಮ್ಮ ರೂಮಿಗೆ ಹೋದಾಗ ಮನೆ ಮಾಲೀಕರು ಹೇಳಿದರಂತೆ. ಫೆಬ್ರವರಿ ಹದಿನೆಂಟರ ಭಾನುವಾರ ನೀನು ಒಂಬತ್ತನೇ ನಂಬರ್ ಬಸ್ಸಿನಲ್ಲಿ ಕೂತವನು ಕೊನೆಯ ನಿಲ್ದಾಣ ಬಂದರೂ ಇಳಿಯಲಿಲ್ಲ, "ನನ್ನನ್ನೂ ಅಲ್ಲಿಗೇ ಕಳಿಸಿ, ವಸ್ತುಗಳನ್ನ ಕಳಿಸ್ತೀರಲ್ಲ, ಅಲ್ಲಿಗೆ" ಅಂದೆಯಂತೆ. ಡ್ರೈವರಿಗೆ ಅರ್ಥವಾಗಲಿಲ್ಲ. ಆದರೂ ಗದರಲಿಲ್ಲ, ಪಕ್ಕದಲ್ಲೇ ಕೂತಿದ್ದು ಆಂಬುಲೆನ್ಸ್ ಬಂದ ಮೇಲೆ ಎದ್ದರಂತೆ. ಅವರು ಯಾರು ಅಂತ ಪತ್ತೆ ಮಾಡಿ ಕೈ ಮುಗಿದು ಬಂದಿದ್ದೇನೆ. ನಿನ್ನನ್ನು ಕರೆದುಕೊಂಡು ಹೋದದ್ದು ಅದೇ ಆಸ್ಪತ್ರೆಗೆ, ಹಿಂದಿನ ಕಟ್ಟಡಕ್ಕೆ. ಹಳೆಯ ಕಡತ ಮುಂದಿನ ಕಟ್ಟಡದಲ್ಲಿತ್ತು ಅಂತ ಇವರು ಹೊಸ ಕಡತ ತೆರೆದರು. ನನ್ನ ಕಾಗದ "ಇಲ್ಲ" ಅನ್ನಿಸಿಕೊಂಡು ವಾಪಸ್ಸು ಹೊರಟ ದಿನ ನೀನು ಅಲ್ಲೇ ಇದ್ದೆ. ನಾನು ಛತ್ರಿ ಹಿಡಿದು ಕಿಟಕಿಯ ಮುಂದೆ ನಿಂತ ದಿನವೂ ನೀನು ಅಲ್ಲೇ ಇದ್ದೆ. ನಡುವೆ ಒಂದು ಅಂಗಳ.

ಈಗ ಸೂಜಿ ಮತ್ತೆ ಶುರುವಾಗಿದೆ, ನಿದ್ದೆ ಬರುತ್ತಿದೆ, ನಿನ್ನೆ ಯಾರೋ ಮೇಜಿನ ಕಾಲು ಅಲ್ಲಾಡುತ್ತೆ ಅಂದದ್ದಕ್ಕೆ ನೀನು ರಟ್ಟು ಮಡಚಿ ಕೊಟ್ಟೆ ಅಂತ ನರ್ಸಮ್ಮ ಹೇಳಿದರು. ಆ ಒಂದು ಮಾತಿನಿಂದ ನನಗೆ ಹೋದ ಜೀವ ಬಂತು. ದೊಡ್ಡ ಡಾಕ್ಟರು ಐದೂ ಕಡೆಯವರನ್ನು ಕೂರಿಸಿ ಸಭೆ ಮಾಡುತ್ತಾರಂತೆ. ಸಭೆಯ ದಿನಾಂಕ ನಾಲ್ಕು ಕಡೆಗೆ ತಿಳಿಸಿದ್ದಾರೆ, ಐದನೆಯವರಿಗೆ ಬೇರೆಯವರು ಹೇಳಿರ್ತಾರೆ ಅಂದುಕೊಂಡಿದ್ದರು. ನಾನು ಹನ್ನೊಂದಕ್ಕೆ ಫೋನು ಮಾಡಿ ಹೇಳಿದೆ. ಏಳು ಡಿಪೋ ಜೊತೆಗೆ ಐದು ಸೇರಿ ಈಗ ಹನ್ನೆರಡು ಫೋನು. ನನ್ನ ಧ್ವನಿಗೆ ಹೆದರುತ್ತಾರೆ, ನೀನು ಹೇಳಿದ್ದು ಸರಿ.

ನಿನ್ನ ಮಂಚದ ಮೇಲಿನ ಬಟ್ಟೆಯೆಲ್ಲ ತೆಗೆದಿದ್ದೇನೆ. ಹಾಸಿಗೆ ಬಿಸಿಲಿಗೆ ಹಾಕಿದ್ದೆ. ನಾಳೆ ಬಿಟ್ಟು ಅದರ ಮುಂದಿನ ಭಾನುವಾರ, ಮಾರ್ಚ್ ೩೧ರ ಸಂಜೆ ನಾಲ್ಕಕ್ಕೆ ಆ ಅಂಗಳದ ಬೆಂಚಿಗೆ ಬಂದು ಕೂರುತ್ತೇನೆ. ಒಳಗೆ ಬಿಡುವುದು ನೀನು ಸರಿ ಅಂದರೆ ಮಾತ್ರ. ನೀನು ಯೋಚನೆ ಮಾಡಲಿ ಅಂತಲೇ ಒಂದು ವಾರ ಬಿಟ್ಟಿದ್ದೇನೆ.

ನೂರು ವರ್ಷ ಬಾಳು. ಗೋಡೆ ಏನಾದರೂ ಅಂದರೆ ಅಕ್ಕನಿಗೆ ಹೇಳ್ತೀನಿ ಅನ್ನು.

ನಿನ್ನ ಅಕ್ಕ

ತಾ.ಕ.: ಮೊದಲನೇ ಚೀಟಿಯ ವಿಷಯ ಮೇಲೆ ಬರೆಯಲಿಲ್ಲ. ಪೆನ್ನು ಎತ್ತಿಟ್ಟು, ಲಕೋಟೆ ಅಂಟಿಸಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಅದರಲ್ಲಿ ನೀನು ಬರೆದಿದ್ದೆ: "ಅಕ್ಕ, ನಿನಗೆ ಫೋನು ಮಾಡಿ ಅಂತ ಎಲ್ಲಾ ಕಡೆ ಕೇಳಿದೆ. ನಿನಗೆ ಏನೂ ತಿಳಿಸಬಾರದು ಅಂತ ಫೈಲಲ್ಲಿ ಇದೆಯಂತೆ. ಯಾರೋ ತಪ್ಪಾಗಿ ಅಂಟಿಸಿದ್ದಾರೆ, ಇವರ ಕೆಲಸವೇ ಹಾಗೆ. ಆದರೂ ನಿಯಮ ನಿಯಮ. ಅದಕ್ಕೆ ನಾನು ನಿನಗೆ ತಿಳಿಸ್ತಾ ಇಲ್ಲ. ಡಬ್ಬಿ ಮರೆತು ಹೋಗ್ತಾ ಇದ್ದೀನಿ, ಅಷ್ಟೇ."

ತಪ್ಪಾಗಿ ಅಂಟಿಸಿದ್ದಲ್ಲ ಗುಂಡ. ಇಷ್ಟು ಜನ ಇಷ್ಟು ತಪ್ಪು ಮಾಡಿದ್ದರಲ್ಲಿ ಅದೊಂದನ್ನೇ ಸರಿಯಾಗಿ ಮಾಡಿದ್ದು. ಜೂನ್ ತಿಂಗಳಲ್ಲಿ ನಿನ್ನನ್ನು ವಾರ್ಡಿಗೆ ಬಿಟ್ಟು ಹೊರಡುವಾಗ ಅದಕ್ಕೆ ಸಹಿ ಹಾಕಿದವಳು ನಾನು. ಒಂದು ತಿಂಗಳು ನನಗೆ ಯಾರೂ ಫೋನು ಮಾಡಬೇಡಿ, ಒಂದು ತಿಂಗಳು ನಾನು ಮಲಗಬೇಕು ಅಂತ ಅಲ್ಲಿದ್ದವರಿಗೆ ಹೇಳಿದೆ. ಅವರು ಒಂದು ಫಾರಂ ಕೊಟ್ಟರು. ಅದರಲ್ಲಿ ಒಂದು ತಿಂಗಳು ಅಂತ ಬರೆಯಲು ಜಾಗವಿರಲಿಲ್ಲ, ನಾನೂ ಕೇಳಲಿಲ್ಲ. ತಿಂಗಳು ಮುಗಿಯಿತು. ಆ ನಿಶ್ಶಬ್ದ ನನಗೆ ಹಿತವಾಗಿತ್ತು. ನಾಳೆ ರದ್ದು ಮಾಡಿಸೋಣ ಅಂತ ನಾಳೆ ನಾಳೆ ಅನ್ನುತ್ತಾ ಎಂಟು ತಿಂಗಳು ಕಳೆದೆ. ನಿನ್ನ ಸೂಜಿಯ ತಾರೀಖು ನಾಲ್ಕು ಹೆಜ್ಜೆ ದಾಟಲಿಲ್ಲ. ನನ್ನ ಸಹಿ ಮಾತ್ರ ಆಸ್ಪತ್ರೆಯಿಂದ ಹಾಸ್ಟೆಲ್ಲಿಗೆ, ಕ್ಲಿನಿಕ್ಕಿಗೆ, ನರ್ಸುಗಳ ಹತ್ತಿರ, ಆ ರಟ್ಟಿನ ಹಜಾರಕ್ಕೆ, ಹಿಂದಿನ ಕಟ್ಟಡದ ಹೊಸ ಕಡತಕ್ಕೆ, ಎಲ್ಲೂ ತಪ್ಪದೆ ಹೋಗಿ ತಲುಪಿದೆ.

ರದ್ದು ಮಾಡುವ ಫಾರಂ ಈ ಕಾಗದದ ಜೊತೆಗಿದೆ. ನನ್ನ ಸಹಿ ಹಾಕಿದ್ದೇನೆ, ನಿನ್ನದು ಬೇಕು. ಮನಸ್ಸಾಗದಿದ್ದರೆ ಹಾಕಬೇಡ, ಭಾನುವಾರ ನಾನು ಬೆಂಚಿನಿಂದಲೇ ವಾಪಸ್ಸು ಹೋಗುತ್ತೇನೆ. ಆದರೆ ಹೊರಗೆ ಬಂದ ಮೇಲೆ ಮಂಗಳವಾರ ಬಸ್ಸಿನಲ್ಲಿ ಡಬ್ಬಿ ಮರೆಯುವುದನ್ನು ಮಾತ್ರ ನಿಲ್ಲಿಸಬೇಡ. ದಾರ ಬಿಚ್ಚದೆ ಕೆಳಗೆ ಕಳಿಸು ಅಂತ ಕೆಮ್ಮಪ್ಪನಿಗೆ ಹೇಳಿದ್ದೇನೆ.